ತಂದೆಯ ಹೆಸರು: ಮಣಿಯಾರ

ನನ್ನ ತಂಗಿಯ ಮಗಳು ವಿದ್ಯಾ ಈ ವರ್ಷ ಭಾಲ್ಕಿ ಕಡೆಯ ಒಂದು ಕಾಲೇಜಿನಲ್ಲಿ ಗುಮಾಸ್ತೆಯಾಗಿ ಸೇರಿದಳು. ಸೇರಿ ನಾಲ್ಕು ದಿನ ಆಗಿರಲಿಲ್ಲ, ಫೋನು ಬಂತು. "ದೊಡ್ಡವ್ವಾ, ನನಗ ಪಿಎಚ್.ಡಿ. ಅರ್ಜಿ ತಗೊಳ್ಳೋ ಟೇಬಲ್ಲಿಗೇ ಕೂಡಿಸ್ಯಾರ. ಏನ್ ನೋಡಬೇಕು, ಏನ್ ಬಿಡಬೇಕು ಒಂದೂ ತಿಳೀವಲ್ದು. ನೀ ಜನ್ಮ ಎಲ್ಲಾ ಅದೇ ಮಾಡೀದಿ. ಬರ್ದು ಕೊಡು."

ನಿಯಮದ ಪುಸ್ತಕ ಇರುತ್ತದಲ್ಲ, ಓದಿಕೋ ಎಂದೆ. "ಪುಸ್ತಕ ಓದಿದ್ರ ನಿದ್ದಿ ಬರ್ತದ, ನೀ ಹೇಳಿದ್ರ ನಗು ಬರ್ತದ" ಎಂದಳು. ಹೀಗೆ ಉಬ್ಬಿಸಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ನಾನು ಮಾಡಿದ ಎರಡು ತಪ್ಪುಗಳಿವೆ. ಮೊದಲನೆಯದಕ್ಕೆ ಈಗಲೂ ನಗು ಬರುತ್ತದೆ. ಎರಡನೆಯದು ರೇಣುಕಾ ಎಂಬ ಹುಡುಗಿಯ ಒಂದು ವರ್ಷವನ್ನು ತಿಂದುಹಾಕಿತು, ಪಿಎಚ್.ಡಿ. ಪ್ರವೇಶವೇ ಅವಳ ಕೈತಪ್ಪುವುದರಲ್ಲಿತ್ತು. ಅದನ್ನು ಹೇಳುವ ಸಲುವಾಗಿಯೇ ಉಳಿದದ್ದನ್ನು ಹೇಳುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ. ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ನಮ್ಮವರು ಅಲ್ಲಿನ ಒಂದು ಕಾರ್ಖಾನೆಯಲ್ಲಿದ್ದರು. ನನಗೆ ವಿದ್ಯಾಪೀಠದ ಸಂಶೋಧನಾ ವಿಭಾಗದಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ವಿದ್ಯಾಪೀಠದ ಹೆಸರು ಬೇಡ, ಅನ್ನ ಕೊಟ್ಟ ಮನೆ. ಮೊದಲ ದಿನವೇ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ನನ್ನನ್ನು "ತಾಯೀ, ತಾಯೀ" ಎಂದು ಕರೆಯತೊಡಗಿದರು. ಇಪ್ಪತ್ಮೂರು ವರ್ಷಕ್ಕೇ ಇಡೀ ಕಚೇರಿಗೆ ತಾಯಿಯಾದೆನಲ್ಲ ಎಂದು ಗಾಬರಿಯಾಯಿತು. ಮನೆಗೆ ಬಂದು ಕನ್ನಡಿ ಮುಂದೆ ನಿಂತು ಮುಖ ನೋಡಿಕೊಂಡೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕು, ಮರಾಠಿಯಲ್ಲಿ ತಾಯೀ ಎಂದರೆ ಅಕ್ಕ ಎಂದು ಹೇಳಿಕೊಟ್ಟರು.

ನನಗೆ ಕೆಲಸ ಕಲಿಸಿದವರು ಹೆಡ್ ಕ್ಲರ್ಕ್ ಜೋಶಿ. ಸಣಕಲು ಮನುಷ್ಯ, ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಅರ್ಜಿಯನ್ನು ಅವರು ಕೊನೆಯ ಪುಟದಿಂದ ಓದುತ್ತಿದ್ದರು. ಮೊದಲ ಪುಟ ಬರೆಯುವಾಗ ಎಲ್ಲರೂ ಮೈಯೆಲ್ಲ ಕಣ್ಣಾಗಿರುತ್ತಾರೆ, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕೈ ಸೋತಿರುತ್ತದೆ, ತಪ್ಪು ಅಲ್ಲಿರುತ್ತದೆ ಎನ್ನುತ್ತಿದ್ದರು. ವಿದ್ಯಾ, ಈಗ ಎಲ್ಲ ಆನ್‌ಲೈನ್ ಆಗಿದೆ ನಿಜ, ಆದರೂ ಕೊನೆಯಿಂದಲೇ ನೋಡು. ಕೆಲಸ ಮಾಡುವ ಶಾಲೆಯ ಒಪ್ಪಿಗೆ ಪತ್ರ ಇರಬೇಕಾದ ಜಾಗದಲ್ಲಿ ತನ್ನದೇ ಮದುವೆಯ ಆಮಂತ್ರಣ ಏರಿಸಿದ ಅಭ್ಯರ್ಥಿಯನ್ನು ನಾನು ಕಂಡಿದ್ದೇನೆ. ಫೋನ್ ಮಾಡಿ ತಿಳಿಸಿದರೆ, "ಮ್ಯಾಡಂ, ನೀವೂ ಬರಬೇಕು" ಎಂದ.

ನನ್ನ ಮೊದಲ ತಪ್ಪು ನಡೆದದ್ದು ಜೋಶಿಯವರ ಕಣ್ಣಳತೆಯಲ್ಲೇ. ಪಿಂಪಳಗಾಂವ್ ಬಸವಂತದಿಂದ ಒಬ್ಬ ಮಾಸ್ತರರ ಅರ್ಜಿ ಬಂದಿತ್ತು. ಈರುಳ್ಳಿ ಮಾರ್ಕೆಟ್ಟಿನಲ್ಲಿ ಕುಳಿತು ಈರುಳ್ಳಿ ಆರಿಸುವ ಹೆಂಗಸರಿಗೆ ಅಕ್ಷರ ಕಲಿಸಿದವರು ಅವರು. ಅದನ್ನೇ ವಿಷಯ ಮಾಡಿಕೊಂಡು ಮರಾಠಿಯಲ್ಲಿ "ಪ್ರೌಢ ಶಿಕ್ಷಣ" ಎಂದು ಬರೆದಿದ್ದರು. ನನ್ನ ಕೆಲಸ ಆ ವಿಷಯಗಳನ್ನು ಇಂಗ್ಲಿಷಿನಲ್ಲಿ ಪಟ್ಟಿ ಮಾಡುವುದು. ನಮಗೆ ಪ್ರೌಢಶಾಲೆ ಎಂದರೆ ಹೈಸ್ಕೂಲು ತಾನೇ? ಹೈಸ್ಕೂಲ್ ಶಿಕ್ಷಣ ಎಂದು ಟಕಟಕ ಟೈಪ್ ಮಾಡಿ ಕಳಿಸಿದೆ. ಮರಾಠಿಯಲ್ಲಿ ಪ್ರೌಢ ಎಂದರೆ ವಯಸ್ಕರು ಎಂದು ನನಗೇನು ಕನಸು ಬಿದ್ದಿತ್ತೇ?

ಸಂದರ್ಶನದ ದಿನ ಹೈಸ್ಕೂಲ್ ಪಠ್ಯಕ್ರಮ ಅರೆದು ಕುಡಿದ ಮೂವರು ಪ್ರಾಧ್ಯಾಪಕರ ಮುಂದೆ ಮಾಸ್ತರರನ್ನು ನಿಲ್ಲಿಸಲಾಯಿತು. ನಿಮ್ಮ ವಿದ್ಯಾರ್ಥಿನಿಯರು ಹತ್ತನೆಯ ತರಗತಿಗೆ ಬರುವಾಗ ಎಷ್ಟು ವಯಸ್ಸು ಎಂದು ಒಬ್ಬರು ಕೇಳಿದರಂತೆ. ಮಾಸ್ತರರು ತಲೆ ಕೆರೆದುಕೊಂಡು, "ಸಾಹೇಬ್, ನನ್ನ ವಿದ್ಯಾರ್ಥಿನಿಯರ ಮೊಮ್ಮಕ್ಕಳು ಹತ್ತನೆಯ ತರಗತಿಯಲ್ಲಿದ್ದಾರೆ" ಎಂದರಂತೆ. ಪುಣ್ಯಕ್ಕೆ ಮುಂದಿನ ತಿಂಗಳು ಅವರಿಗೆ ಬೇರೆ ಸಮಿತಿಯ ಮುಂದೆ ಸಂದರ್ಶನವಾಯಿತು. ಜೋಶಿ ನನ್ನನ್ನು ಕರೆದು, ಬೈಯಲಿಲ್ಲ, ಮೆಲ್ಲಗೆ ಒಂದೇ ಮಾತು ಹೇಳಿದರು. "ತಾಯೀ, ತುಮಚೀ ಕಾನಡೀ ಘರೀ ಠೇವಾ." ನಿಮ್ಮ ಕನ್ನಡ ಮನೆಯಲ್ಲಿಟ್ಟು ಬನ್ನಿ ಎಂದು.

ಬೈದಿದ್ದರೆ ಮರೆಯುತ್ತಿದ್ದೆ. ಮೆಲ್ಲಗೆ ಹೇಳಿದ್ದಕ್ಕೆ ಮನಸ್ಸಿಗೆ ನಾಟಿತು. ಅಂದಿನಿಂದ ಕಚೇರಿಯ ಮೆಟ್ಟಿಲ ಮೇಲೆ ನಾನು ಕನ್ನಡ ಆಡಲಿಲ್ಲ. ನನ್ನ ಅಡ್ಡಹೆಸರು ಕುಂಬಾರ. ಅವರು ಕುಂಭಾರ ಎಂದು ಬರೆದುಕೊಂಡರು, ನಾನೂ ಸುಮ್ಮನಿದ್ದೆ. ನಮ್ಮವರಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾನು ನಾಶಿಕದ ಉಪಕೇಂದ್ರಕ್ಕೆ ವರ್ಗವಾಗಿ ಬಂದ ಮೇಲಂತೂ ನಾನು ಕನ್ನಡದವಳೆಂದು ಯಾರಿಗೂ ಗೊತ್ತಿರಲಿಲ್ಲ. ಮರಾಠಿಯಲ್ಲೇ ಟಿಪ್ಪಣಿ, ಮರಾಠಿಯಲ್ಲೇ ಜಗಳ. ಇಷ್ಟು ಚೆನ್ನಾಗಿ ಮರೆಮಾಚಿಕೊಂಡೆನಲ್ಲ ಎಂದು ಹೆಮ್ಮೆಪಟ್ಟುಕೊಂಡವಳು ನಾನು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ರೇಣುಕಾ ನನ್ನ ಕಿಟಕಿಗೆ ಬಂದದ್ದು ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸಾತಪುರದ ಒಂದು ಶಾಲೆಯಲ್ಲಿ ಶಿಕ್ಷಕಿ. ಆ ಕಡೆ ಕಾರ್ಖಾನೆಗಳೇ ತುಂಬಿವೆ, ಶಿಫ್ಟ್ ಬಿಟ್ಟಾಗ ರಸ್ತೆ ದಾಟಲು ಹತ್ತು ನಿಮಿಷ ಬೇಕು. ಅವಳ ಶಾಲೆಗೆ ಬರುವವರು ಅಲ್ಲಿ ಕಟ್ಟಡ ಕಟ್ಟುವವರ ಮಕ್ಕಳು. ಶಿಕ್ಷಣಶಾಸ್ತ್ರದ ಪಿಎಚ್.ಡಿ. ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿದ್ದಳು, ವಿಷಯವೂ ಸಿದ್ಧವಾಗಿತ್ತು: ಮನೆಯ ಭಾಷೆ ತಿಳಿದೂ ಬಾಯಿ ಬಿಡದ ಕೂಲಿಕಾರರ ಮಕ್ಕಳು ತರಗತಿಯಲ್ಲಿ ಹೇಗೆ ಕಲಿಯುತ್ತಾರೆ ಎಂಬುದು. ಅಚ್ಚುಕಟ್ಟಾದ ಅರ್ಜಿ. ನಾನು ರೂಢಿಯಂತೆ ಕೊನೆಯಿಂದ ಓದುತ್ತ ಬಂದೆ. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಶರಣಪ್ಪ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಮಣಿಯಾರ. ಪದವಿ, ಬಿ.ಎಡ್., ಎಂ.ಎಡ್., ಎಲ್ಲದರಲ್ಲೂ ಮಣಿಯಾರ.

ಮಹಾರಾಷ್ಟ್ರದಲ್ಲಿ ಮಣಿಯಾರ ಎಂಬುದು ಬಳೆ ಮಾರುವವರ ಅಡ್ಡಹೆಸರು, ನೂರಾರು ಜನರಿದ್ದಾರೆ. ಇವಳ ಅಡ್ಡಹೆಸರೋ ಪೂಜಾರಿ. ಇದೇನು ಎಂದು ಮರಾಠಿಯಲ್ಲಿ ಕೇಳಿದೆ. ಶಾಲೆಯವರ ತಪ್ಪು ಮ್ಯಾಡಂ, ತಂದೆ ಶರಣಪ್ಪನೇ, ತೀರಿಕೊಂಡಿದ್ದಾರೆ ಎಂದಳು. ಅಂದು ಕಿಟಕಿಯ ಮುಂದೆ ಉದ್ದನೆಯ ಸಾಲಿತ್ತು, ಸರ್ವರ್ ಕೈಕೊಟ್ಟಿತ್ತು, ನನ್ನ ತಲೆ ಸಿಡಿಯುತ್ತಿತ್ತು. ಇವೆಲ್ಲ ನೆಪ. ನನ್ನ ನಾಲಿಗೆಯೇ ಹಾಗೆ. ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ: "ನಿನಗೆ ಎಷ್ಟು ಜನ ಅಪ್ಪಂದಿರು ಅಂತ ಮೊದಲು ಮನೆಯಲ್ಲಿ ಕೇಳಿಕೊಂಡು ಬಾ."

ಸಾಲಿನಲ್ಲಿದ್ದ ಯಾರೋ ನಕ್ಕರು. ಅವಳು ಕಾಗದ ಎತ್ತಿಕೊಂಡು ಒಂದೊಂದಾಗಿ ಕವರಿಗೆ ಹಾಕಿಕೊಂಡಳು. ಅರ್ಜಿಯ ಮೇಲೆ ನಾನು "ತಂದೆಯ ಹೆಸರಿನಲ್ಲಿ ತಫಾವತ್ತು" ಎಂದು ಬರೆದು ತಿರುಗಿಸಿದೆ. ಅವಳು ಓದಿದ ಪೈಠಣ ಕಡೆಯ ಶಾಲೆಗೆ ಹೋಗಿ ಕೇಳಿದಳು. ಅವರು ಹಳೆಯ ದಾಖಲಾತಿ ಪುಸ್ತಕ ತೆಗೆದು, ನಮ್ಮಲ್ಲಿ ಮಣಿಯಾರ ಎಂದೇ ಇದೆ, ಮಾಹಿತಿ ಕೊಟ್ಟವರು ತಾಯಿ, ಹೆಬ್ಬೆಟ್ಟೂ ಇದೆ, ತಪ್ಪು ನಮ್ಮದಲ್ಲ ಎಂದು ಬರೆದುಕೊಟ್ಟರು. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿಯಿತು. ಒಂದು ವರ್ಷ ಹೋಯಿತು.

ಮರುವರ್ಷ ಮತ್ತೆ ಬಂದಳು. ಈ ಸಲ ಜೊತೆಗೆ ಅವಳ ಗೈಡ್ ಮ್ಯಾಡಂ ಬರೆದ ಚೀಟಿ ಇತ್ತು. ಗೈಡ್ ಬಳಿ ಖಾಲಿ ಇದ್ದದ್ದು ಒಂದೇ ಸೀಟು. ನಿವೃತ್ತಿ ಹತ್ತಿರ ಬಂದ ಮಾರ್ಗದರ್ಶಕರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ, ಅವರಿಗೆ ಇದೇ ಕೊನೆಯ ವರ್ಷ. ಕೂಲಿಕಾರರ ಮಕ್ಕಳ ಈ ವಿಷಯಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ. ಈ ಸಲ ತಪ್ಪಿದರೆ ತಪ್ಪಿತೇ. ರೇಣುಕಾ ತನ್ನ ತಾಯಿಯನ್ನೂ ಕರೆತಂದಿದ್ದಳು, ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಿಸಲು. ಆಕೆ ನಿಂಗವ್ವ. ಸಿಂದಗಿ ಕಡೆಯವಳು ಎಂದು ಆಮೇಲೆ ತಿಳಿಯಿತು. ಇಳಕಲ್ ಸೀರೆ, ಹಣೆಯಲ್ಲಿ ಕುಂಕುಮವಿಲ್ಲ, ಜೀವಮಾನವಿಡೀ ಬುಟ್ಟಿ ಹೊತ್ತ ತಲೆಯ ಮೇಲೆ ಕೂದಲು ನಡುವೆ ಸವೆದಿತ್ತು. ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತಿದ್ದಳು.

ನಮ್ಮಲ್ಲಿ ಬಂದವರ ಹೆಸರು ಬರೆಯುವ ಒಂದು ಪುಸ್ತಕವಿತ್ತು. ಹೆಂಗಸರಾದರೆ ಗಂಡನ ಹೆಸರೂ ಬೇಕು. ಜವಾನ ಪಾಂಡುರಂಗ ಆಕೆಯ ಬಳಿ ಹೋಗಿ, "ಆಜೀ, ನವರ್‍ಯಾಚಂ ನಾವ್ ಕಾಯ್?" ಎಂದು ಕೇಳಿದ. ಅಜ್ಜಿ, ಗಂಡನ ಹೆಸರೇನು?

ನಿಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಮ್ಮ ಮನಿಯಾರು ಇಲ್ಲೋ ಯಪ್ಪಾ. ತೀರಿಕೊಂಡು ಹನ್ನೆರಡು ವರ್ಷಾತು."

ಪಾಂಡುರಂಗ ತಲೆಯಾಡಿಸಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬಾಯಿಬಿಟ್ಟು ಹೇಳಿಕೊಳ್ಳುತ್ತ ಬರೆದ: "ಮ... ಣಿ... ಯಾ... ರ."

ನನ್ನ ಕೈಯಲ್ಲಿದ್ದ ಸೀಲು ಹಾಗೇ ನಿಂತಿತು. ಅಯ್ಯೋ ದೇವರೇ! ಮನಿಯವರು! ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ತಾರದೆ ಮನಿಯವರು, ಮನಿಯಾರು ಎನ್ನುವುದು ನನಗೆ ಗೊತ್ತಿಲ್ಲವೇ? ನಾನೇ ಈ ಬರಹದ ಉದ್ದಕ್ಕೂ ನಮ್ಮವರು ನಮ್ಮವರು ಎನ್ನುತ್ತ ಬಂದಿಲ್ಲವೇ? ಇಪ್ಪತ್ತೈದು ವರ್ಷಗಳ ಹಿಂದೆ ಪೈಠಣದಲ್ಲಿ ಕಾಲುವೆ ಅಗೆಯಲು ಬಂದ ಈ ತಾಯಿ ಮಗಳ ಕೈ ಹಿಡಿದು ಶಾಲೆಗೆ ಹೋಗಿದ್ದಾಳೆ. ತಂದೆಯ ಹೆಸರೇನು ಎಂದು ಕೇಳಿದ್ದಾರೆ. ಈಕೆ ಕಾಲುವೆಯ ಕಡೆ ಕೈ ತೋರಿಸಿ ನಮ್ಮ ಮನಿಯಾರು ಎಂದಿದ್ದಾಳೆ. ಅವರಿಗೆ ಗೊತ್ತಿದ್ದ ಒಂದು ಹೆಸರು ಕಿವಿಗೆ ಬಿತ್ತು, ಬರೆದುಕೊಂಡರು. ಅವರದೂ ತಪ್ಪಲ್ಲ, ಆಕೆಯದೂ ತಪ್ಪಲ್ಲ. ಕನ್ನಡ ಮನೆಯಲ್ಲಿಟ್ಟು ಬಂದ ನನ್ನದು ತಪ್ಪು. ಎರಡೂ ಭಾಷೆ ಬಲ್ಲವಳು ಆ ಕಿಟಕಿಯಲ್ಲಿ ನಾನೊಬ್ಬಳೇ ಇದ್ದೆ.

ಎದ್ದು ಹೊರಗೆ ಬಂದೆ. ಬೆಂಚಿನ ಮೇಲೆ ನಿಂಗವ್ವನ ಪಕ್ಕ ಕುಳಿತೆ. "ಅಕ್ಕಾ, ಯಾವೂರು ನಿಮ್ದು?" ಎಂದೆ. ಕಚೇರಿಯಲ್ಲಿ ನಾನು ಆಡಿದ ಮೊದಲ ಕನ್ನಡ ಅದು. ರೇಣುಕಾ ತಿರುಗಿ ನನ್ನನ್ನು ನೋಡಿದಳು. ನಿಂಗವ್ವ ನನ್ನ ಕೈ ಹಿಡಿದುಕೊಂಡು, "ಎವ್ವಾ, ನೀವು ನಮ್ಮವರೇನ್ರಿ? ಮತ್ತ ಇಷ್ಟ ದಿನ ಯಾಕ ಸುಮ್ಮ ಕುಂತಿದ್ರಿ?" ಎಂದಳು.

ಅಂದೇ ಟಿಪ್ಪಣಿ ಬರೆದೆ. ಮಣಿಯಾರ ಎಂಬುದು ವ್ಯಕ್ತಿಯ ಹೆಸರಲ್ಲ, ಕನ್ನಡದಲ್ಲಿ ಗಂಡನನ್ನು ಕುರಿತು ಹೇಳುವ ಮಾತು, ಮಣಿಯಾರ ಮತ್ತು ಶರಣಪ್ಪ ಒಬ್ಬರೇ ಎಂದು ಒಂದೂವರೆ ಪುಟ. ಸಂಭಾಜಿನಗರದ ಮುಖ್ಯ ಕಚೇರಿಯಿಂದ ಉಪಕುಲಸಚಿವರ ಫೋನ್ ಬಂತು. ಒಳ್ಳೆಯ ಮನುಷ್ಯ, ಆದರೆ ಕಾಗದ ಬಿಟ್ಟು ಮಾತಾಡಿದವರಲ್ಲ. ಗುಮಾಸ್ತರ ಭಾಷಾಜ್ಞಾನ ಪುರಾವೆಯಾಗುವುದಿಲ್ಲ ಕುಂಭಾರ ಮ್ಯಾಡಂ ಎಂದರು. ಅಫಿಡವಿಟ್ ಇದೆಯಲ್ಲ ಎಂದೆ. ಅಫಿಡವಿಟ್ಟಿನಲ್ಲಿ ಏನಿದೆ ಎಂದು ಹೆಬ್ಬೆಟ್ಟು ಒತ್ತಿದವರಿಗೇ ಗೊತ್ತಿರುವುದಿಲ್ಲ, ನನಗೆ ಅದರ ಅನುಭವವಿದೆ ಎಂದರು. "ಶಾಲೆಯಲ್ಲಿ ಹೆಸರು ಕೊಟ್ಟವರು ತಾಯಿ. ತಾಯಿಯೇ ಸಮಿತಿಯ ಮುಂದೆ ಬಂದು ಗಂಡನ ಹೆಸರು ತಮ್ಮ ಬಾಯಿಂದ ಹೇಳಲಿ. ಸ್ಟೆನೋ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು."

ಮುಗಿಯಿತಂತೆ! ಆ ಒಂದು ಹೆಸರೇ ತಾನೇ ಇಷ್ಟಕ್ಕೆಲ್ಲ ಕಾರಣ?

ಸಮಿತಿ ಸೇರುವ ದಿನ ನಾನು ರಜೆ ಹಾಕಿ ಅವರಿಬ್ಬರ ಜೊತೆ ಹೊರಟೆ. ನಾಶಿಕದಿಂದ ಸಂಭಾಜಿನಗರಕ್ಕೆ ಸರಕಾರಿ ಕೆಂಪು ಬಸ್ಸಿನಲ್ಲಿ ಐದು ತಾಸಿನ ದಾರಿ. ಬಸ್ಸು ಹೊರಡುವ ಮೊದಲೇ ರೇಣುಕಾಳಿಗೆ ಕ್ಷಮೆ ಕೇಳಬೇಕೆಂದು ತೀರ್ಮಾನಿಸಿಕೊಂಡಿದ್ದೆ. ನಿಫಾಡ ದಾಟಿದರೂ ಬಾಯಿ ಬರಲಿಲ್ಲ. ಯೇವಲಾದಲ್ಲಿ ಚಹಾ ಕುಡಿಯಲು ಇಳಿದಾಗ ಹೇಳಿಬಿಟ್ಟೆ. "ಅವತ್ತು ನಾ ಅಂದ ಮಾತು ತಪ್ಪಾಗಿತ್ತು ರೇಣುಕಾ. ನನ್ನ ನಾಲಿಗಿ ಸುಡಲಿ."

ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಮಾತ್ರ ತಡವರಿಸುತ್ತಾಳೆ, ನಡುನಡುವೆ ಮರಾಠಿ ಬೆರೆಸುತ್ತಾಳೆ. ಚಹಾದ ಲೋಟವನ್ನು ಕೆಳಗಿಟ್ಟಳು. "ಮ್ಯಾಡಂ, ಆ ದಿವಸ ರಾಗ ಬಂದಿತ್ತು. ತುಮಚ್ಯಾ ಮ್ಯಾಲೆ ಅಲ್ಲ, ಅವ್ವನ ಮ್ಯಾಲೆ. ಮನೀಗೆ ಹೋಗಿ ಅವ್ವಗ ಕೇಳಿದೆ, ಈ ಮಣಿಯಾರ ಯಾರು ಅಂತ. ನಂಗೇನ ಗೊತ್ತು ಅಂದ್ಲು. ಒಂದು ತಿಂಗಳು ನಾ ಅವ್ವನ ಕೂಡ ಬೋಲಲೇ ನಾಹೀ." ಮಾತೇ ಆಡಲಿಲ್ಲವಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ನನ್ನ ಒಂದು ಮಾತು ಅವರ ಮನೆಯೊಳಗೆ ಹೋಗಿ ಏನು ಮಾಡಿತ್ತು ಎಂದು ಅಂದು ನನಗೆ ತಿಳಿಯಿತು. ತಾಯಿಯ ಮೇಲೆ ಮಗಳಿಗೆ ಅನುಮಾನ ಹುಟ್ಟಿಸಿದ್ದೆ.

ಬಸ್ಸು ಮತ್ತೆ ಹೊರಟಿತು. ನಿಂಗವ್ವ ಕಿಟಕಿಯ ಪಕ್ಕ ಕುಳಿತು ತನ್ನ ಕೈಚೀಲವನ್ನು ತಡವುತ್ತಿದ್ದಳು. ಒಳಗೆ ಹಳೆಯ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬಿ ಇತ್ತು, ತಲೆಯ ಮೇಲೆ ಬುಟ್ಟಿಯ ಕೆಳಗೆ ಇಟ್ಟುಕೊಳ್ಳುವಂಥದ್ದು. ಕೆಲಸ ಬಿಟ್ಟು ಮೂರು ವರ್ಷವಾದರೂ ಅದಿಲ್ಲದೆ ಹೊರಗೆ ಬರುವುದಿಲ್ಲವಂತೆ, ಮಲಗುವಾಗ ದಿಂಬಾಗುತ್ತದೆ ಎಂದಳು. ನಾನು ವಿಷಯಕ್ಕೆ ಬಂದೆ.

"ಅಕ್ಕಾ, ಸಾಹೇಬರು ಕೇಳ್ತಾರ. ಒಂದೇ ಒಂದು ಸಲ ಹೆಸರು ಹೇಳಿದ್ರ ಸಾಕು."

"ಅದೊಂದು ಆಗೂದಿಲ್ರಿ."

"ಅವ್ವಾ, ಏಕ ಶಬ್ದ! ಹೇಳ ನಾ!" ಎಂದಳು ರೇಣುಕಾ.

"ನೀ ಹೇಳು. ನಿಮ್ಮಪ್ಪ ಅಲ್ಲೇನು? ನಿನಗ ಚಲೋ ಬರತೈತಿ ಹೇಳಾಕ."

"ನಾ ಹೇಳಿದ್ರ ನಡೆಯೂದಿಲ್ಲ. ನೀನೇ ಬೇಕಂತ."

"ಇದ್ದಾಗ ಒಂದು ದಿನ ತಗೊಳ್ಳಲಿಲ್ಲ. ದವಾಖಾನ್ಯಾಗ ಮಲಗಿದ್ದಾಗ ನರ್ಸ್ ಬಾಯಿ ಕೇಳಿದ್ಲು, ಆಗೂ ತಗೊಳ್ಳಲಿಲ್ಲ. ಈಗ ಅವರು ಕೇಳಿಸಿಕೊಳ್ಳಾಕ ಇಲ್ಲದಾಗ ನಾಕು ಮಂದಿ ಗಂಡಸರ ಮುಂದ ತಗೊಳ್ಳಲಾ? ಅದು ನನ್ನ ಕೈಲಿ ಆಗೂದಿಲ್ಲವ್ವ." ನಿಂಗವ್ವ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹಟವಲ್ಲ ಅದು.

ನಾನು ಒತ್ತಾಯ ಮಾಡಲಿಲ್ಲ. ಯಾವ ಬಾಯಿಂದ ಮಾಡಲಿ? ಮದುವೆಯಾಗಿ ಮೂವತ್ತೈದು ವರ್ಷ, ನಾನೂ ನಮ್ಮವರ ಹೆಸರು ಕೂಗಿದವಳಲ್ಲ. ಕಚೇರಿಯ ಕಾಗದದಲ್ಲಿ ನೂರು ಸಲ ಬರೆದಿದ್ದೇನೆ, ಹೇಳಿದ್ದು ಒಂದೇ ಸಲ, ಮದುವೆಯಾಗಿ ಗಂಡನ ಮನೆಗೆ ಹೋದ ದಿನ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದಿದ್ದರು. ಪ್ರಾಸ ಕೂಡಿಸಿ ಎರಡು ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು, ಅದಕ್ಕೆ ದೋಷವಿಲ್ಲ. ನನಗೆ ನಾಚಿಕೆಯಿಂದ ಮರೆತುಹೋಗಿ, ಅರ್ಧ ತಾಸು ಹೊಸ್ತಿಲ ಹೊರಗೇ ನಿಂತಿದ್ದೆ. ಇದನ್ನು ಹೇಳಿದಾಗ ನಿಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಾ ಹಂಗಲ್ರಿ. ಪಟಪಟ ಹೇಳಿದ್ದೆ. ನಮ್ಮತ್ತಿ ಅಂದ್ಲು, ಈಕಿ ಬಾಯಿ ಜೋರೈತಿ ಅಂತ." ವೈಜಾಪುರ ಬಂತು, ಹೋಯಿತು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಉಪಕುಲಸಚಿವರು, ಒಬ್ಬ ಹಿರಿಯ ಪ್ರಾಧ್ಯಾಪಕಿ, ಕಂಪ್ಯೂಟರಿನ ಮುಂದೆ ಸ್ಟೆನೋ ಬಾಯಿ. ನಿಂಗವ್ವನಿಗೆ ಕುರ್ಚಿ ಕೊಟ್ಟರು. ಆಕೆ ಕುಳಿತುಕೊಳ್ಳಲಿಲ್ಲ, ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಳು. ಸಾಹೇಬರು ಮರಾಠಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಯಾವ ಕಚೇರಿಯಲ್ಲಿ ಕನ್ನಡ ಮನೆಯಲ್ಲಿಟ್ಟು ಬಾ ಎಂದಿದ್ದರೋ ಅದೇ ಕಚೇರಿಯಲ್ಲಿ ದುಭಾಷಿಯಾಗಿ ನಿಂತಿದ್ದೆ.

"ಮಗಳನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಏನು ಹೇಳಿದಿರಿ?"

"ಮನಿಯಾರು ಅಂದಿದ್ದೆ ಯಪ್ಪಾ."

"ಹಾಗೆಂದರೆ ಯಾರು?"

"ನಮ್ಮ ಮನಿಯಾರು."

"ಅವರ ಹೆಸರು?"

ನಿಂಗವ್ವ ನೆಲ ನೋಡಿದಳು. ಸಾಹೇಬರು ಗಡಿಯಾರ ನೋಡಿದರು. ಹೊರಗೆ ಇನ್ನೂ ಹನ್ನೊಂದು ಜನ ಅಭ್ಯರ್ಥಿಗಳು ಕಾಯುತ್ತಿದ್ದರು. ರೇಣುಕಾ ಗೋಡೆಗೆ ಒರಗಿ ನಿಂತು ಎರಡೂ ಕೈಗಳಿಂದ ಫೈಲು ಹಿಡಿದಿದ್ದಳು. "ಕುಂಭಾರ ಮ್ಯಾಡಂ, ಅವರು ಹೇಳದಿದ್ದರೆ ನಾನು ಅರ್ಜಿ ತಿರುಗಿಸಬೇಕಾಗುತ್ತದೆ. ನೀವೇ ಹೇಳಿ, ನಾನು ಬೇರೆ ಏನು ಮಾಡಲಿ?" ಎಂದರು ಸಾಹೇಬರು. ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ.

ನಿಂಗವ್ವ ಮಗಳ ಕಡೆ ಒಮ್ಮೆ ನೋಡಿದಳು. ಚೀಲದೊಳಗೆ ಕೈ ಹಾಕಿ ಸಿಂಬಿಯನ್ನು ಹೊರತೆಗೆದು ಮೇಜಿನ ಮೇಲೆ, ಕಾಗದಗಳ ನಡುವೆ ಇಟ್ಟಳು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು. ಕಣ್ಣು ಮುಚ್ಚಿ, ರಾಗವಾಗಿ, ಹೊಸ್ತಿಲಲ್ಲಿ ನಿಂತ ಮದುಮಗಳಂತೆ ಹೇಳಿದಳು:

"ಕಲ್ಲಬುಟ್ಟಿ ಹೊತ್ತ ತೆಲಿ ಮ್ಯಾಲ ಹಳೀ ಬಟ್ಟಿ ಸಿಂಬಿ,
ಶರಣಪ್ಪನ ಹೆಸರು ಹೇಳತೀನಿ ಸಾಹೇಬರನ್ನ ನಂಬಿ."

ನಾನು ಅನುವಾದಿಸಲು ಬಾಯಿ ತೆರೆದೆ. ಬೇಕಾಗಲಿಲ್ಲ. ಸ್ಟೆನೋ ಬಾಯಿ ಕೂತಲ್ಲಿಂದಲೇ, "ಅಗಬಾಯೀ, ಉಖಾಣಾ!" ಎಂದಳು. ಮರಾಠಿ ಹೆಂಗಸರೂ ಮದುವೆಯಲ್ಲಿ ಹೀಗೇ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುತ್ತಾರೆ, ಅವರು ಅದಕ್ಕೆ ಉಖಾಣಾ ಎನ್ನುತ್ತಾರೆ. ಮಾತು ತಿಳಿಯದಿದ್ದರೂ ಆ ಧಾಟಿ ಅವರಿಗೆ ತಿಳಿಯದೇ ಇರುತ್ತದೆಯೇ? ಪ್ರಾಧ್ಯಾಪಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಾಹೇಬರು ಎದ್ದುನಿಂತು, "ಬಸಾ, ಆಯೀ, ಬಸಾ" ಎಂದು ತಾವೇ ಕುರ್ಚಿಯನ್ನು ಆಕೆಯ ಹತ್ತಿರ ಸರಿಸಿದರು. ನಿಂಗವ್ವ ಕುಳಿತಳು, ಮುಖ ಮುಚ್ಚಿಕೊಂಡು ಅತ್ತಳು. ರೇಣುಕಾ ಓಡಿ ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟಳು. ನಾನೂ ಅತ್ತೆ, ಅದರಲ್ಲೇನು ಮುಚ್ಚುಮರೆ?

ಮಣಿಯಾರ ಮತ್ತು ಶರಣಪ್ಪ ಒಬ್ಬರೇ ಎಂದು ತಾಯಿ ಖುದ್ದಾಗಿ ಹೇಳಿದ್ದಾರೆ ಎಂದು ದಾಖಲಾಯಿತು. ಸಾಹೇಬರು ಅಂದು ಒಂದು ಹೆಜ್ಜೆ ಮುಂದೆ ಹೋದರು. "ಹತ್ತನೆಯ ತರಗತಿಯಿಂದ ಎಲ್ಲ ಪ್ರಮಾಣಪತ್ರಗಳಲ್ಲೂ ಶರಣಪ್ಪ ಎಂದು ತಿದ್ದಿಸಿಕೊಳ್ಳಬಹುದು. ನಾನು ಬೋರ್ಡಿಗೆ ಪತ್ರ ಕೊಡುತ್ತೇನೆ. ಅಲ್ಲಿಯವರೆಗೆ ಪ್ರವೇಶ ತಾತ್ಕಾಲಿಕ. ಇಲ್ಲವೇ ಪ್ರಮಾಣಪತ್ರದಲ್ಲಿ ಇದ್ದಂತೆ ಮಣಿಯಾರ ಎಂದೇ ಇರಲಿ ಎಂದರೆ ಈಗಲೇ ಪೂರ್ತಿ ಪ್ರವೇಶ. ನಿನ್ನ ಇಷ್ಟ."

ಅವಳು ತಿದ್ದಿಸಿಕೊಳ್ಳುತ್ತಾಳೆ ಎಂದೇ ನಾನು ತಿಳಿದಿದ್ದೆ. ಆ ಒಂದು ಪದದಿಂದ ಅವಳು ಪಟ್ಟದ್ದೇನು ಕಡಿಮೆಯೇ? ರೇಣುಕಾ ತಾಯಿಯ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡೇ ಮರಾಠಿಯಲ್ಲಿ ಹೇಳಿದಳು: "ಇರಲಿ ಸರ್. ಅದು ತಪ್ಪು ಹೆಸರಲ್ಲ. ನಮ್ಮವ್ವ ನಮ್ಮಪ್ಪನನ್ನು ಜೀವಮಾನವಿಡೀ ಕರೆದ ಹೆಸರು ಅದೊಂದೇ."

ಸಾಹೇಬರು ಸಹಿ ಹಾಕಿದರು. ಸ್ಟೆನೋ ಬಾಯಿ ಪ್ರವೇಶ ಪತ್ರ ಮುದ್ರಿಸಿ, ಸೀಲು ಒತ್ತಿ ರೇಣುಕಾಳ ಕೈಗೆ ಕೊಟ್ಟಳು.

ವಿದ್ಯಾ, ಯಾವ ಕಾಗದ ನೋಡಬೇಕು ಎಂದು ಕೇಳಿದ್ದೆಯಲ್ಲ? ಕೊನೆಯ ಪುಟದಿಂದ ನೋಡುತ್ತ ಬಾ. ತಾಳೆಯಾಗದ್ದು ಸಿಕ್ಕರೆ ಕೆಂಪು ಗೆರೆ ಎಳೆಯುವ ಮೊದಲು ಎದ್ದು ಹೋಗಿ ಅವರ ಪಕ್ಕ ಕುಳಿತು ಕೇಳು. ನಿನಗೆ ಬರುವ ಭಾಷೆಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗು, ಮನೆಯಲ್ಲಿ ಬಿಟ್ಟು ಹೋಗಬೇಡ. ನನಗೆ ಗೊತ್ತಿರುವುದು ಇಷ್ಟೇ.

ಸಂಜೆ ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ನಾಶಿಕದ ಬಸ್ಸಿಗೆ ಕಾಯುತ್ತಿದ್ದೆವು. ರೇಣುಕಾ ನೀರಿನ ಬಾಟಲಿ ತರಲು ಹೋಗಿದ್ದಳು. ನಿಂಗವ್ವ ಮಗಳ ಪ್ರವೇಶ ಪತ್ರವನ್ನು ಚೀಲದಿಂದ ತೆಗೆದು, ಸಿಂಬಿಯ ಮೇಲೆ ಹಾಸಿ ನನ್ನ ಮುಂದೆ ಹಿಡಿದಳು.

"ಇದರಾಗ ನಮ್ಮ ರೇಣುಕಾನ ಹೆಸರಿನ ಮುಂದ ಏನ್ ಬರದೈತಿ, ಓದ್ರಿ."

ಮರಾಠಿಯಲ್ಲಿ ರೇಣುಕಾ ಮಣಿಯಾರ ಪೂಜಾರಿ ಎಂದು ಅಚ್ಚಾಗಿದ್ದ ಆ ಸಾಲಿನ ಮೇಲೆ ಬೆರಳಿಟ್ಟು ನಾನು ಕನ್ನಡದಲ್ಲಿ ಓದಿದೆ. "ರೇಣುಕಾ. ನಮ್ಮ ಮನಿಯವರ ಮಗಳು."

ನಿಂಗವ್ವ ಆ ಅಕ್ಷರಗಳನ್ನು ಹೆಬ್ಬೆಟ್ಟಿನಿಂದ ಮೆಲ್ಲಗೆ ಸವರಿದಳು.

"ಹೌದ್ರಿ," ಎಂದಳು, "ಬರೋಬ್ಬರಿ ಬರದಾರ."